ಮೂರು ಸಲ ಹೇಳುವ ಬಾಯಿ

ನನಗೊಂದು ಚಾಳಿ ಅಂಟಿಕೊಂಡಿದೆ. ಯಾವ ಮಾತನ್ನಾದರೂ ಮೂರು ಸಲ ಹೇಳುತ್ತೇನೆ. ಬೇಕೆಂದು ಹೇಳುವುದಲ್ಲ, ಬಾಯಿ ತನ್ನ ಪಾಡಿಗೆ ತಾನು ಹೇಳಿ ಮುಗಿಸಿರುತ್ತದೆ. ಬೆಳಿಗ್ಗೆ ಎದ್ದು ನಡುಮನೆಗೆ ಬಂದರೆ, "ಕಾಫಿ ಆಯ್ತಾ? ಕಾಫಿ ಆಯ್ತಾ? ಕಾಫಿ ಆಯ್ತಾ?" ಮೊದಲನೆಯದು ಅಡುಗೆಮನೆಗೆ, ಎರಡನೆಯದು ಪಕ್ಕದ ಮನೆಗೆ, ಮೂರನೆಯದು ಬೀದಿಯ ಕೊನೆಯ ಹಿಟ್ಟಿನ ಗಿರಣಿಗೆ ಮುಟ್ಟುವಷ್ಟು ಜೋರು. ನನ್ನ ಹೆಂಡತಿ ಸಾಕಮ್ಮ ಲೋಟ ಕುಕ್ಕಿ, "ಒಂದ್ಸಲ ಯೋಳುದ್ರೆ ಸಾಕು ಕಣ್ರೀ. ನಾನು ನಿಮ್ಮೆಂಡ್ತಿ, ಮತದಾರ ಬಂಧು ಅಲ್ಲ" ಎನ್ನುತ್ತಾಳೆ.

ಮೊನ್ನೆ ಮಂಡಿ ತೋರಿಸಲು ಆಸ್ಪತ್ರೆಗೆ ಹೋದಾಗಲೂ ಹೀಗೇ ಆಯಿತು. "ಮಂಡಿ ನೋವು ಸಾರ್" ಎಂದು ನಾನು ಮೂರು ಸಲ ಸಾರಿದ್ದು ಕೇಳಿ, ಚಿಕ್ಕ ವಯಸ್ಸಿನ ಆ ಡಾಕ್ಟರು ನೋವು ವಿಪರೀತವಿರಬೇಕೆಂದು ಗಾಬರಿಬಿದ್ದು ಮಾತ್ರೆಯ ಬದಲು ಸೂಜಿಯನ್ನೇ ಚುಚ್ಚಿಬಿಟ್ಟರು. ಕುಂಟುತ್ತ ಹೊರಬಂದೆ. ಸಾಕಮ್ಮನಿಗೆ ಮನೆ ಮುಟ್ಟುವವರೆಗೂ ನಗು.

ಈ ಚಾಳಿ ಎಲ್ಲಿಂದ ಬಂತೆಂದು ನಮ್ಮ ಹುಣಸೂರಿನಲ್ಲಿ ಹಳಬರನ್ನು ಕೇಳಿದರೆ ಹೇಳುತ್ತಾರೆ. ನಾನು ಮೈಕ್ ಚಿಕ್ಕಣ್ಣ. ಮದುವೆ, ನಾಮಕರಣ, ನಾಟಕ, ಸಭೆ ಎಲ್ಲದಕ್ಕೂ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದವನು. ಚುನಾವಣೆ ಬಂದರೆ ಜೀಪಿನ ಮೇಲೆ ಎರಡು ಲೌಡ್‌ಸ್ಪೀಕರ್ ಕಟ್ಟಿಕೊಂಡು ಊರೂರು ತಿರುಗಿ ಮತ ಕೇಳುತ್ತಿದ್ದವನು. ಓಡುವ ಜೀಪಿನಿಂದ ಒಂದು ಮಾತನ್ನು ಒಂದೇ ಸಲ ಹೇಳಿದರೆ ಅರ್ಧ ಊರಿಗೆ ಅದರ ತಲೆ ಸಿಕ್ಕುತ್ತದೆ, ಇನ್ನರ್ಧಕ್ಕೆ ಬಾಲ. ಮೂರು ಸಲ ಹೇಳಿದರೆ ಎಲ್ಲರಿಗೂ ಪೂರ್ತಿ ಸಿಕ್ಕುತ್ತದೆ. ಇದು ನಮ್ಮ ಕಸುಬಿನ ಲೆಕ್ಕ.

ಹೋದ ವಾರ ನಮ್ಮ ಬೀದಿಗೆ ಮತ್ತೆ ಒಂದು ಚುನಾವಣೆಯ ಆಟೋ ಬಂತು. ನನಗೆ ಮೈಯೆಲ್ಲ ಝುಂ ಎಂದಿತು! ಸೂಜಿ ಚುಚ್ಚಿಸಿಕೊಂಡ ಮಂಡಿಯನ್ನೂ ಮರೆತು ಗೇಟಿಗೆ ಓಡಿದೆ. ಒಳಗೆ ಮನುಷ್ಯನೇ ಇಲ್ಲ, ಡ್ರೈವರ್ ಒಬ್ಬ. ಮಾತೆಲ್ಲ ಮೊದಲೇ ತುಂಬಿಸಿಟ್ಟದ್ದು. ಆಟೋ ಹೋಗುತ್ತಿದ್ದಂತೆ ಬೀದಿಯ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ಸಾಕಮ್ಮನೂ ನಮ್ಮ ಕಿಟಕಿ ಎಳೆದುಕೊಂಡು, "ಟೀವೀಲೂ ಇದೇಯ, ಬೀದೀಲೂ ಇದೇಯ. ಯಾವತ್ತು ಮುಗಿದದೋ ಇವ್ರ ಬಾಯಿ" ಎಂದಳು. ಕಿಟಕಿ ಮುಚ್ಚುವ ಆ ಸದ್ದು ಕೇಳಿದೊಡನೆ ನನಗೆ ಪಿರಿಯಾಪಟ್ಟಣದ ಕಡೆಯ ಒಂದು ಊರಿನ ಬೀದಿ ಕಣ್ಣ ಮುಂದೆ ಬಂದು ನಿಂತಿತು. ನನ್ನ ದೇವೀರಕ್ಕನ ಊರು. ಆ ಬೀದಿಯಲ್ಲಿ ನಾನು ಮಾಡಿದ ಒಂದು ತಪ್ಪಿದೆ. ಅಕ್ಕ ಅದನ್ನು ನೆನೆದು ಈಗಲೂ ನಗುತ್ತಾಳೆ. ನನಗೆ ನಗು ಬರುವುದಿಲ್ಲ. ಅದನ್ನೇ ನಿಮ್ಮ ಮುಂದೆ ಹೇಳಿಕೊಳ್ಳೋಣವೆಂದು ಕುಳಿತಿದ್ದೇನೆ. ಆದರೆ ನನ್ನ ಬಾಯಿ ನಿಮಗೆ ಗೊತ್ತಾಯಿತಲ್ಲ, ನೆಟ್ಟಗೆ ಹೋಗುವುದಲ್ಲ. ಸ್ವಲ್ಪ ಸುತ್ತಿಕೊಂಡೇ ಹೋಗೋಣ.

ನಾನು ಹುಡುಗನಾಗಿದ್ದಾಗ ಹುಣಸೂರಿಗೆ ಡೇರೆ ಸಿನಿಮಾ ಬರುತ್ತಿತ್ತು. ಹೊಸ ಚಿತ್ರ ಬದಲಾದ ದಿನ ಎತ್ತಿನ ಗಾಡಿಯ ಎರಡು ಕಡೆ ಬಣ್ಣದ ಹಲಗೆ ಕಟ್ಟಿ, ಮೇಲೊಬ್ಬ ತಗಡಿನ ಕಹಳೆ ಹಿಡಿದು ನಿಲ್ಲುತ್ತಿದ್ದ. ಅವನ ಹಿಂದೆ ಓಡುವ ಹುಡುಗರೆಲ್ಲ ಗುಲಾಬಿ ಬಣ್ಣದ ಚೀಟಿಗಾಗಿ ಓಡಿದರೆ ನಾನು ಅವನ ಗಂಟಲಿಗಾಗಿ ಓಡುತ್ತಿದ್ದೆ. "ಹೊಡೆದಾಟ ಇದೆ, ಹಾಡು ಇದೆ, ಕಣ್ಣೀರು ಇದೆ!" ಆಹಾ, ಅವನು ಹೇಳುವಾಗ ಆ ಕಣ್ಣೀರು ಕೂಡ ಎಷ್ಟು ಗಟ್ಟಿಮುಟ್ಟಾಗಿ ಕೇಳುತ್ತಿತ್ತು!

ಮನೆಗೆ ಬಂದು ಸೀಮೆಎಣ್ಣೆ ಸುರಿಯುವ ಲಾಳಿಕೆಯನ್ನು ಬಾಯಿಗಿಟ್ಟುಕೊಂಡು ನಾನೂ ಕೂಗುತ್ತಿದ್ದೆ. ತುಟಿಯೆಲ್ಲ ಸೀಮೆಎಣ್ಣೆ. ಅವ್ವನಿಂದ ಏಟು. ಅಕ್ಕ ನನ್ನನ್ನು ಹಿತ್ತಿಲಿಗೆ ಎಳೆದುಕೊಂಡು ಹೋಗಿ ಲಂಗದ ತುದಿಯಿಂದ ಬಾಯಿ ಒರೆಸಿ, ಒರಳುಕಲ್ಲಿನ ಮೇಲೆ ಪ್ರೇಕ್ಷಕರ ಹಾಗೆ ಠೀವಿಯಿಂದ ಕುಳಿತು, "ಈಗ ಯೋಳು" ಎನ್ನುತ್ತಿದ್ದಳು. ನಾನು ಕೂಗುತ್ತಿದ್ದೆ. ಅವಳು ಕಿವಿಗೆ ಕೈ ಹಿಡಿದು, "ಕೇಳುಸ್ನಿಲ್ಲ, ಇನ್ನೊಂದ್ಸಲ ಯೋಳ್ಲಾ" ಎನ್ನುವಳು. ಮತ್ತೆ ಕೂಗಿದರೆ, "ಎಮ್ಮೆ ಅಡ್ಡ ಬಂತು, ಇನ್ನೊಂದ್ಸಲ!" ಮೂರನೆಯ ಸಲಕ್ಕೆ ಚಪ್ಪಾಳೆ. ನೋಡಿ, ಕಸುಬಿನ ಲೆಕ್ಕ ಎಂದು ಆಗ ಹೇಳಿದೆನಲ್ಲ, ಅದು ಪೂರ್ತಿ ನಿಜವಲ್ಲ. ಈ ಚಾಳಿ ಕಲಿಸಿದವಳು ನಮ್ಮಕ್ಕನೇ.

ಎಸ್ಸೆಸ್ಸೆಲ್ಸಿವರೆಗೆ ಓದಿದೆ. ಫಲಿತಾಂಶದ ವಿಷಯ ಕೇಳಬೇಡಿ. ಶಾಲೆಯಲ್ಲಿ ನನಗೆ ದಕ್ಕಿದ್ದು ಪ್ರಾರ್ಥನೆಯ ಹೊತ್ತಿನಲ್ಲಿ ಮುಂದೆ ನಿಂತು ಸುದ್ದಿ ಓದುವ ಕೆಲಸ ಒಂದೇ. ಆಮೇಲೆ ಮೈಕ್ ಸೆಟ್ಟಿನ ಅಂಗಡಿ. ಆಮೇಲೆ ಅನ್ವರ್ ಸಾಬರ ಜೀಪು. ಅನ್ವರ್ ನನಗಿಂತ ಎರಡು ವರ್ಷಕ್ಕೆ ದೊಡ್ಡವನು, ಕಡಿಮೆ ಮಾತಿನವನು. ನಾನು ಮಾತನಾಡುವಷ್ಟು ಹೊತ್ತೂ ಕಿವಿಗೆ ಹತ್ತಿ ಇಟ್ಟುಕೊಂಡು ಓಡಿಸುತ್ತಿದ್ದ. "ಬೇಜಾರು ಮಾಡ್ಕೋಬೇಡಿ ಚಿಕ್ಕಣ್ಣ, ನಿಮ್ಮ ಮೇಲೆ ಕೋಪ ಇಲ್ಲ, ಕಿವಿ ಮೇಲೆ ಪ್ರೀತಿ" ಎನ್ನುತ್ತಿದ್ದ.

ನಮ್ಮಿಬ್ಬರ ಮೊದಲ ಲೋಕಸಭಾ ಚುನಾವಣೆಯನ್ನು ನೆನೆಸಿಕೊಂಡರೆ ಈಗಲೂ ಎದೆ ಕುಣಿಯುತ್ತದೆ. ಜೀಪಿಗೆ ಬಾಳೆಕಂದು, ಬಾವುಟ, ಕಾಗದದ ತೋರಣ. ಭೇರ್ಯದ ಸಂತೆಯಲ್ಲಿ ನಾನು "ಮತದಾರ ಬಂಧುಗಳೇ" ಎಂದು ಎಳೆದರೆ ಸೊಪ್ಪು ಮಾರುವ ಹೆಂಗಸರು ತಕ್ಕಡಿ ಕೆಳಗಿಟ್ಟು ನೋಡುತ್ತಿದ್ದರು. ಬೀಚನಹಳ್ಳಿಯಲ್ಲಿ ಅಣೆಕಟ್ಟೆಯ ಏರಿಗೆ ತಾಗಿ ನನ್ನ ದನಿ ನನಗೇ ವಾಪಸು ಬರುತ್ತಿತ್ತು. ನನಗಾಗಿ ಇನ್ನೊಬ್ಬ ಮತ ಕೇಳುತ್ತಿದ್ದಾನೆ ಎನ್ನಿಸಿ ಖುಷಿಯಾಗುತ್ತಿತ್ತು. ಹೆಗ್ಗಡದೇವನಕೋಟೆಯ ಕಾಡಂಚಿನ ಊರುಗಳಲ್ಲಿ ಮಕ್ಕಳು ಬ್ಯಾಡ್ಜಿಗಾಗಿ ಜೀಪಿಗೆ ಜೋತುಬೀಳುತ್ತಿದ್ದರು. ಮುದುಕಿಯರು ನಾನೇ ಅಭ್ಯರ್ಥಿಯೆಂದು ತಿಳಿದು ಆರತಿ ತಂದದ್ದೂ ಉಂಟು. ನಾನು ಬೇಡವೆನ್ನಲಿಲ್ಲ. ಅದೂ ಒಂದು ತಪ್ಪೇ, ಬರೆದುಕೊಳ್ಳಿ.

ಎರಡು ವರ್ಷ ತುಂಬುವುದರೊಳಗೆ ದಿಲ್ಲಿಯ ಸರ್ಕಾರ ಬಿತ್ತು. ಮತ್ತೆ ಚುನಾವಣೆ. ಅದೇ ಜೀಪು, ಅದೇ ಮಾತು. ಸಂತೆಯ ಹೆಂಗಸರು ಈ ಸಲ ತಕ್ಕಡಿ ಕೆಳಗಿಡಲಿಲ್ಲ. ಅದರ ಬೆನ್ನಲ್ಲೇ ಆ ಹೊಸ ಸರ್ಕಾರವೂ ಬಿತ್ತು. ಮತ್ತೆ ಚುನಾವಣೆ! ನನಗಂತೂ ಯುಗಾದಿಯ ಮೇಲೆ ಯುಗಾದಿ ಬಂದಂತೆ. ಜನಕ್ಕೆ ಮಾತ್ರ ಸಾಕುಸಾಕಾಗಿತ್ತು. ಆ ಮೂರನೆಯ ಸಲದ ಪ್ರಚಾರವೋ, ಬೇಸಿಗೆಯಲ್ಲಿ ಸುದ್ದಿ ಹುಟ್ಟಿ, ಮಳೆಗಾಲವೆಲ್ಲ ಬೆಳೆದು, ಇನ್ನೂ ಮುಗಿಯದೆ ಎಳೆದುಕೊಂಡು ಹೋಗುತ್ತಿತ್ತು. ಕೆ.ಆರ್. ನಗರದ ಕಡೆಯ ಒಂದು ಊರಿನಲ್ಲಿ ಒಬ್ಬಳು ಅಜ್ಜಿ ಜೀಪಿನ ಕಿಟಕಿಗೆ ಬೆರಳು ತೂರಿಸಿ, "ನೋಡ್ಲಾ ಮಗ, ಓದ್ಸಲದ ಮಸಿ ಇನ್ನೂವೆ ಉಗುರಿಂದ ಓಗಿಲ್ಲ. ಮತ್ತೆ ಬಂದ್ಬುಟ್ಟಾ? ಇದಾದ್ರೂ ಬೆಳ್ದು ಉದುರ್ಲಿ ಇರು" ಎಂದಳು. ಆ ಮಸಿ ನಿಜವಾಗಿ ಹಿಂದಿನ ಸಲದ್ದೋ, ಮಾವಿನಕಾಯಿ ಸೊನೆ ತಾಗಿದ ಕಲೆಯೋ, ನನಗೆ ಇಂದಿಗೂ ಅನುಮಾನ. ಆದರೆ ಅನ್ವರ್ ಅದನ್ನು ಕೇಳಿ ಸ್ಟೇರಿಂಗ್ ಮೇಲೆ ತಲೆಯಿಟ್ಟು ನಕ್ಕ.

ನಾನು ನಗಲಿಲ್ಲ. ನನಗೆ ಹಟ ಹುಟ್ಟಿತು. ಜನ ಕೇಳುತ್ತಿಲ್ಲ ಎಂದರೆ ಸದ್ದು ಸಾಲದು ಎಂದು ಅರ್ಥಮಾಡಿಕೊಂಡೆ. ಇದ್ದ ಎರಡು ಲೌಡ್‌ಸ್ಪೀಕರ್ ಜೊತೆಗೆ ಇನ್ನೆರಡು ಕಟ್ಟಿಸಿದೆ. ಜೀಪು ಈಗ ನಾಲ್ಕು ಕಡೆಗೆ ಬಾಯಿ ತೆರೆದುಕೊಂಡು ಓಡಾಡತೊಡಗಿತು.

ಇಂಥ ಜೀಪನ್ನು ನಾನು ನಮ್ಮಕ್ಕನ ಊರಿಗೆ ತೆಗೆದುಕೊಂಡು ಹೋದೆ.

ಕಂಪಲಾಪುರದಿಂದ ಒಳಕ್ಕೆ ಹೋದರೆ ಸಿಗುವ ಊರು ಅದು. ಅಲ್ಲೆಲ್ಲ ಹೊಗೆಸೊಪ್ಪಿನ ಬೆಳೆ. ನೀವು ನಮ್ಮ ಕಡೆಯವರಲ್ಲದಿದ್ದರೆ ಒಂದು ಮಾತು ಹೇಳಬೇಕು. ಹೊಲದಿಂದ ಮುರಿದು ತಂದ ಹಸಿ ಸೊಪ್ಪನ್ನು ಹೆಂಗಸರು ಕಡ್ಡಿಗಳಿಗೆ ಕಟ್ಟುತ್ತಾರೆ. ಆ ಕಡ್ಡಿಗಳನ್ನು ಬ್ಯಾರನ್ ಎಂಬ ಎತ್ತರದ ಕೋಣೆಯೊಳಗೆ ಸಾಲುಸಾಲಾಗಿ ತೂಗುಹಾಕುತ್ತಾರೆ. ಹೊರಗಿನ ಒಲೆಗೆ ಸೌದೆ ಹಾಕಿದರೆ ಕಾವು ನೆಲದ ಮೇಲಿನ ಕಬ್ಬಿಣದ ಕೊಳವೆಗಳಲ್ಲಿ ಹರಿದು ಸೊಪ್ಪನ್ನು ಬೇಯಿಸುತ್ತದೆ. ಕಾವನ್ನು ಹಗಲೂ ರಾತ್ರಿಯೂ, ದಿನಗಟ್ಟಲೆ, ಕೂಸಿಗೆ ಉಣ್ಣಿಸುವ ಹಾಗೆ ಸ್ವಲ್ಪಸ್ವಲ್ಪವೇ ಏರಿಸಬೇಕು. ಕಾಯುವವನು ತೂಕಡಿಸಿದನೋ, ಕಾವು ಏರುತ್ತದೆ, ಒಣಗಿದ ಎಲೆ ಕಳಚಿ ಕೊಳವೆಯ ಮೇಲೆ ಬೀಳುತ್ತದೆ, ಅಲ್ಲಿಗೆ ಮುಗಿಯಿತು. ಆದ್ದರಿಂದ ಆ ತಿಂಗಳುಗಳಲ್ಲಿ ಗಂಡಸರು ರಾತ್ರಿಯೆಲ್ಲ ಎದ್ದು ಕಾಯುತ್ತಾರೆ. ಹಗಲು ಹೆಂಗಸರು ಕಾಯುವಾಗ ಬೀದಿ ಬದಿಯ ಹೊಂಗೆ ಮರಗಳ ಕೆಳಗೆ ಹಗ್ಗದ ಮಂಚ ಹಾಕಿಕೊಂಡು ಮಲಗುತ್ತಾರೆ. ಮಧ್ಯಾಹ್ನ ಆ ಬೀದಿಗೆ ಹೋದರೆ ಆಸ್ಪತ್ರೆಯ ವಾರ್ಡಿಗೆ ಹೋದಂತೆ.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಹೋದೆ. ಪ್ರಚಾರದ ಭರಾಟೆಯೇ ಅಂಥದ್ದು. ಮೂರು ಪಕ್ಷದ ಜೀಪುಗಳೂ ದಿನಕ್ಕೆರಡು ಸಲ ಆ ಬೀದಿಯನ್ನು ಉಳುತ್ತಿದ್ದವು. ನಾವೊಬ್ಬರೇ ಬಿಟ್ಟರೆ ಮುಖಂಡರು ಸುಮ್ಮನಿರುತ್ತಾರೆಯೇ? ಇದು ನಾನು ಆಗ ಹೇಳಿಕೊಂಡ ಸಮಾಧಾನ. ನಿಜವೇನೆಂದರೆ, ನನ್ನ ಹೊಸ ಲೌಡ್‌ಸ್ಪೀಕರುಗಳಲ್ಲಿ ನನ್ನ ದನಿ ಹೇಗೆ ಕೇಳುತ್ತದೆಂದು ಅಕ್ಕನಿಗೆ ತೋರಿಸಬೇಕಾಗಿತ್ತು.

ಒಂದು ಸುತ್ತು ಹಾಕಿದೆವು. ಅಕ್ಕ ಕಾಣಲಿಲ್ಲ. "ಇನ್ನೊಂದು ರೌಂಡ್ ಹೊಡಿ ಅನ್ವರ್" ಎಂದೆ.

"ಯಾಕೆ? ಬೀದಿ ಒಂದೇ ಅಲ್ವಾ?"

"ನಮ್ಮಕ್ಕ ಕೇಳ್ಬೇಕು ಕಣಯ್ಯ."

"ನಿಮ್ಮಕ್ಕನಿಗೆ ಮೈಸೂರಲ್ಲಿದ್ರೂ ಕೇಳಿರ್ತದೆ" ಎಂದು ಗೊಣಗಿಕೊಂಡೇ ಅವನು ತಿರುಗಿಸಿದ. ಎರಡನೆಯ ಸುತ್ತಿಗೆ ಅಕ್ಕ ಬಾಗಿಲಿಗೆ ಬಂದಳು. ನನ್ನ ಸಂತೋಷ ಏನು ಹೇಳಲಿ! "ಇದೋ, ಬಾಗಿಲಲ್ಲಿ ನಿಂತಿದ್ದಾರೆ ನಮ್ಮ ಅಕ್ಕನವರು! ತಮ್ಮನ ಕೈಹಿಡಿಯಲಿದ್ದಾರೆ ನಮ್ಮ ಅಕ್ಕನವರು!" ಎಂದು ಶುರುಮಾಡಿದೆ. ಅಕ್ಕ ಕೈಯೆತ್ತಿ ಅಂಗೈಯನ್ನು ಮೇಲೆ ಕೆಳಗೆ ಆಡಿಸಿದಳು. ನಾನದನ್ನು ಆಶೀರ್ವಾದವೆಂದುಕೊಂಡೆ. ಅವಳು ಇನ್ನೂ ಜೋರಾಗಿ ಆಡಿಸಿದಳು. ಮೆಚ್ಚುಗೆ ಹೆಚ್ಚಾಯಿತೆಂದುಕೊಂಡು ನಾನು ಆಂಪ್ಲಿಫೈಯರಿನ ತಿರುಪನ್ನು ಕೊನೆಯವರೆಗೆ ತಿರುಗಿಸಿದೆ. ಕೊನೆಗೆ ಅವಳು ಎರಡೂ ಕೈ ಜೋಡಿಸಿ ತಲೆಯ ಮೇಲಕ್ಕೆತ್ತಿದಳು. ನನ್ನ ಕಣ್ಣು ತುಂಬಿ ಬಂತು. ಒರಳುಕಲ್ಲಿನ ಮೇಲೆ ಕುಳಿತು ಚಪ್ಪಾಳೆ ತಟ್ಟುತ್ತಿದ್ದವಳು ಇಂದು ತಮ್ಮನಿಗೆ ಕೈಮುಗಿಯುತ್ತಿದ್ದಾಳಲ್ಲ ಎಂದು. ಆ ಖುಷಿಗೆ ಮತ್ತೂ ಒಂದು ಸುತ್ತು.

ಹೊಂಗೆ ಮರದ ಕೆಳಗಿನ ಒಂದು ಮಂಚದಲ್ಲಿ ಯಾರೋ ತಲೆಯ ಮೇಲೆ ಕಂಬಳಿ ಎಳೆದುಕೊಂಡು ಮಗ್ಗುಲಾದದ್ದು ಕಂಡಿತು. ಅದು ನಮ್ಮ ಸಿದ್ದೇಗೌಡ ಭಾವ ಎಂದು ಗುರುತು ಸಿಕ್ಕಿತು. ಸಿಕ್ಕಿಯೂ ನಾನು ನಿಲ್ಲಿಸಲಿಲ್ಲ.

ಎರಡು ದಿನ ಬಿಟ್ಟು ಮತ್ತೆ ಆ ಊರಿಗೆ ಹೋದೆವು. ಅಂದು ನಮ್ಮ ಅಭ್ಯರ್ಥಿಯೇ ಬರುವವರಿದ್ದರು. ನಾವು ಮುಂಚೆ ಹೋಗಿ ಜನ ಸೇರಿಸಿಡಬೇಕು. ಊರ ಬಾಗಿಲು ದಾಟಿ ಬೀದಿಗೆ ತಿರುಗಿದೆವೋ ಇಲ್ಲವೋ, ಅನ್ವರ್ ಗಕ್ಕನೆ ಬ್ರೇಕ್ ಹಾಕಿದ.

ಬೀದಿಗಡ್ಡ ಮಂಚಗಳು! ಮರದ ಕೆಳಗಿರುತ್ತಿದ್ದ ಮಂಚಗಳೆಲ್ಲ ರಸ್ತೆಗೆ ಇಳಿದುಬಂದಿದ್ದವು. ಈ ಗೋಡೆಯಿಂದ ಆ ಗೋಡೆಯವರೆಗೆ ಒತ್ತೊತ್ತಾಗಿ ಸಾಲು, ಅದರ ಹಿಂದೆ ಇನ್ನೊಂದು ಸಾಲು. ಎಲ್ಲದರ ಮೇಲೂ ಗಂಡಸರು ಮಲಗಿದ್ದಾರೆ. ಘೋಷಣೆಯಿಲ್ಲ, ಕಲ್ಲಿಲ್ಲ, ಬೋರ್ಡಿಲ್ಲ. ಸುಮ್ಮನೆ ನಿದ್ದೆ. ನಮಗಿಂತ ಮುಂಚೆ ಬಂದಿದ್ದ ಇನ್ನೊಂದು ಪಕ್ಷದ ಜೀಪು ಬದಿಗೆ ನಿಂತಿತ್ತು. ಅದರ ಡ್ರೈವರೂ ಕೂಗುವವನೂ ಒಬ್ಬರ ಹೆಗಲ ಮೇಲೊಬ್ಬರು ಒರಗಿ ಗೊರಕೆ ಹೊಡೆಯುತ್ತಿದ್ದರು.

ಮೊದಲ ಸಾಲಿನ ನಡುವಿನ ಮಂಚದಲ್ಲಿ ಭಾವ. ಹತ್ತಿರ ಹೋಗಿ ನೋಡಿದೆ. ಎರಡು ಹುಬ್ಬೂ ಸುಟ್ಟು ಕೆಂಪಗೆ ಕಾಣುತ್ತಿದ್ದವು. ಮುಂಗೈ ಕೂದಲು ಕಮರಿತ್ತು.

ಆ ಸಾಲು ಮುಗಿಯುವಲ್ಲಿನ ಜಗಲಿಯ ಮೇಲೆ ಅಕ್ಕನ ಪಕ್ಕದ ಮನೆಯ ಕೆಂಪಜ್ಜಿ ಕೋಲು ಹಿಡಿದು ಕಾವಲು ಕುಳಿತಿದ್ದಳು. "ಏನಾಯ್ತಜ್ಜಿ?" ಎಂದೆ.

"ಮೆಲ್ಗೆ ಮಾತಾಡ್ಲಾ! ಏನಾದದು, ನೀ ಬಂದೋದ ಮಾರ್ನೆ ದಿಸ ಮುಂಜಾನೆ ನಿಮ್ಮಕ್ಕನ ಬ್ಯಾರನ್ ಅತ್ಕತು. ಮೂರು ಪಾರ್ಟಿಯೋರ ಅರಚಾಟದಲ್ಲಿ ನಿದ್ದೆಗೆಟ್ಟಿದ್ದ ಮನ್ಸ, ನಿನ್ ನಾಕು ಸ್ಪೀಕರಿನ ಮೆರವಣಿಗೆ ಬೇರೆ. ಕೋಳಿ ಕೂಗೋ ಒತ್ತಲ್ಲಿ ಕುಂತಂಗೇ ಕಣ್ಣು ಅತ್ಕಂಡವೆ. ಒಳ್ಗಿದ್ದ ಸೊಪ್ಪೆಲ್ಲ ಬೂದಿ. ಮಾಡು ಬಿತ್ತು. ಮನ್ಸ ಉಳ್ಕಂಡ, ಅದು ನಮ್ಮ ಪುಣ್ಯ."

ಅಜ್ಜಿ ಮುಂದುವರಿಸಿದಳು. ಹೊಲದಲ್ಲಿ ಉಳಿದಿದ್ದ ಕೊನೆಯ ಸೊಪ್ಪನ್ನು ಮುರಿದು ತಂದು ಅಜ್ಜಿಯ ಮನೆಯ ಬ್ಯಾರನ್ನಿಗೆ ಹಾಕಿದ್ದಾರೆ. ಆ ವರ್ಷಕ್ಕೆ ಅಕ್ಕನ ಮನೆಗೆ ಉಳಿದದ್ದು ಅಷ್ಟೇ. ರಾತ್ರಿ ಕಾಯುವುದು ಭಾವನ ಪಾಲು. "ಇವತ್ತು ಕಾವು ಏರ್ಸೋ ದಿಸ. ಈಗ ಇವ್ನು ನಿದ್ದೆ ಮಾಡ್ನಿಲ್ಲ ಅಂದ್ರೆ ಅದೂ ಓದಂಗೆ. ಅದ್ಕೇ ಎಲ್ಲ ಸೇರಿ ಬೀದಿಗೆ ಮಂಚ ತಂದವ್ರೆ. ಅದೆಂಗೆ ಓಗ್ತೀಯ ಓಗು ನೋಡುವಾ."

ಅಷ್ಟರಲ್ಲಿ ಹಿಂದಿನಿಂದ ಕಾರುಗಳ ಸಾಲು ಬಂದೇಬಿಟ್ಟಿತು. ಧೂಳು, ಬಾವುಟ, ಹಾರ್ನು. ನಾನು ಎರಡು ಕೈಯನ್ನೂ ಮೇಲೆ ಕೆಳಗೆ ಆಡಿಸುತ್ತ ಎದುರಿಗೆ ಓಡಿದೆ. ಓಡುತ್ತಿರುವಾಗಲೇ ಅರಿವಾಯಿತು: ಮೊನ್ನೆ ಅಕ್ಕ ಆಡಿಸಿದ್ದು ಹೀಗೆಯೇ! ಮೊದಲ ಕಾರಿನ ಡ್ರೈವರ್ ಕೂಡ ನನ್ನ ಹಾಗೆಯೇ, ಸ್ವಾಗತವೆಂದುಕೊಂಡು ಮತ್ತೊಂದು ಸಲ ಹಾರ್ನ್ ಹೊಡೆದ. ಅನ್ವರ್ ಹೋಗಿ ಅವನ ಕಿಟಕಿಯೊಳಗೆ ಕೈಹಾಕಿ ಕಾರಿನ ಬೀಗದಕೈ ಕಿತ್ತುಕೊಂಡ.

ತಾಲ್ಲೂಕಿನ ಮುಖಂಡರು ಕಾರಿನಿಂದ ಇಳಿದು ಮಂಚಗಳನ್ನು ನೋಡಿ ಸಿಡುಕಿದರು. "ಏನ್ಲಾ ಇದು? ಸಾಹೇಬ್ರು ಇನ್ನೂ ಒಂಬತ್ತು ಊರು ಮುಗುಸ್ಬೇಕು. ಎಬ್ಸು ಇವ್ರನ್ನ!"

"ರಾತ್ರಿಯೆಲ್ಲ ಬ್ಯಾರನ್ ಕಾದವ್ರೆ ಸ್ವಾಮಿ."

"ಕಾಯ್ಲಿ. ಈಗ ಎದ್ದು ಆಮೇಲೆ ಮನಿಕ್ಕತಾರೆ. ನಿನ್ ನಾಕು ಸ್ಪೀಕರ್ ಇರೋದು ಯಾತಕ್ಕೆ? ಒಂದ್ಸಲ ಕೂಗು, ಮಂಚ ಸಮೇತ ಎದ್ದು ಓಡ್ತಾರೆ." ಜೀಪಿನಿಂದ ಮೈಕನ್ನು ತೆಗೆದು ನನ್ನ ಕೈಗೆ ತುರುಕಿದರು.

ಮೈಕ್ ಕೈಗೆ ಬಂದರೆ ನನ್ನ ಬಾಯಿ ತಾನಾಗಿ ತೆರೆಯುತ್ತದೆ. ಅಂದೂ ತೆರೆಯಿತು. "ಮತದಾರ" ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಎದುರಿಗೆ ಭಾವನ ಸುಟ್ಟ ಹುಬ್ಬು. ಬಾಯಿ ಮುಚ್ಚಲು ನನಗೆ ಬರುವುದಿಲ್ಲ. ಅದಕ್ಕೇ ಕೈಗೆ ಕೆಲಸ ಕೊಟ್ಟೆ. ಆಂಪ್ಲಿಫೈಯರಿಗೆ ಸಿಕ್ಕಿಸಿದ್ದ ತಂತಿಯನ್ನು ಹಿಡಿದು ಒಂದೇ ಏಟಿಗೆ ಎಳೆದುಬಿಟ್ಟೆ.

"ಕೂಗ್ಲಾ!"

"ಮೈಕ್ ಕೆಟ್ಟೋಯ್ತು ಸ್ವಾಮಿ."

"ಎಂಗ್ ಕೆಟ್ಟೋಯ್ತು?"

"ಗೊತ್ತಿಲ್ಲ ಸ್ವಾಮಿ" ಎಂದೆ. ಕಿತ್ತ ತಂತಿ ನನ್ನ ಕೈಯಲ್ಲೇ ತೂಗಾಡುತ್ತಿತ್ತು. ಕೆಂಪಜ್ಜಿ ಸೆರಗು ಬಾಯಿಗಿಟ್ಟುಕೊಂಡಳು.

ಆ ಹೊತ್ತಿಗೆ ಅಭ್ಯರ್ಥಿಯೇ ಕಾರಿನಿಂದ ಇಳಿದು ಬಂದರು. ಅವರನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದು ಅದೇ ಮೊದಲು. ಅವರ ಗುಣಗಳನ್ನು ನಾಲ್ಕು ತಾಲ್ಲೂಕಿಗೆ ಸಾರಿದ್ದೆ, ಮುಖ ಮಾತ್ರ ಸರಿಯಾಗಿ ನೋಡಿರಲಿಲ್ಲ. ಅವರ ಗಂಟಲು ಪೂರ್ತಿ ಕಟ್ಟಿತ್ತು. ಕಣ್ಣು ಗುಳಿಬಿದ್ದಿದ್ದವು. ಎರಡು ಕೈಗಳೂ ಜೋಡಿಸಿದಂತೆಯೇ ಸೆಟೆದುಹೋಗಿದ್ದವು. ಯಾರೋ ನೀರು ಕೊಟ್ಟರೆ ಲೋಟವನ್ನೂ ಹಾಗೆಯೇ, ನಮಸ್ಕಾರದ ನಡುವೆ ಹಿಡಿದು ಕುಡಿದರು. ಮಂಚಗಳ ಸಾಲನ್ನು ನೋಡಿ, "ಏನಾಗಿದೆ ಇವರಿಗೆಲ್ಲ? ಕಾಯಿಲೆಯಾ?" ಎಂದು ಪಿಸುಗುಟ್ಟಿದರು.

"ನಿದ್ದೆ ಸ್ವಾಮಿ" ಎಂದೆ.

"ನಿದ್ದೆ" ಎಂದರು ಅವರು. ಆ ಮಾತನ್ನು ಅವರು ಹೇಳಿದ ರೀತಿ! ಹಸಿದವನು ಹೋಳಿಗೆಯ ಹೆಸರು ಹೇಳುವಂತಿತ್ತು. ಸಾಲಿನುದ್ದಕ್ಕೂ ಒಮ್ಮೆ ಕಣ್ಣು ಹಾಯಿಸಿದರು. ಆಮೇಲೆ ಅಜ್ಜಿಯ ಕಡೆ ಬಗ್ಗಿ, "ಇಲ್ಲೊಂದು ಮಂಚ ಸಿಗ್ತದೇನವ್ವ?" ಎಂದರು.

ಅಜ್ಜಿ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಓಟು ಕೇಳಕಿಲ್ವಾ?"

"ಎದ್ದ ಮೇಲೆ ಕೇಳ್ತೀನಿ."

"ಭಾಷಣ?"

"ಇಲ್ಲ ಕಣವ್ವ, ಗಂಟಲಿಲ್ಲ."

"ಅಂಗಾರೆ ಮನಿಕೋ ಮಗ" ಎಂದು ಅಜ್ಜಿ ತನ್ನ ಜಗಲಿಯ ಮೇಲೆ ಚಾಪೆ ಬಿಡಿಸಿದಳು. ಕೊರಳಲ್ಲಿದ್ದ ಹಾರವನ್ನು ತೆಗೆದು ಗೂಟಕ್ಕೆ ಹಾಕಿ ಅವರು ಉರುಳಿಕೊಂಡರು. ಮುಖಂಡರು "ಸಾರ್, ಒಂಬತ್ತು ಊರು" ಎನ್ನುವಷ್ಟರಲ್ಲಿ ಗೊರಕೆ ಕೇಳಿಸಿತು. ಹಿಂಬಾಲಕರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬ ಚಪ್ಪಲಿ ಬಿಟ್ಟ. ಇನ್ನೊಬ್ಬ ಬಾವುಟವನ್ನು ಹಾಸಿಕೊಂಡ. ಮೂರನೆಯ ಪಕ್ಷದ ಜೀಪು ಬಂದು, ಈ ನೋಟ ನೋಡಿ, ಎಂಜಿನ್ ಆರಿಸಿತು. ತಿಂಗಳುಗಟ್ಟಲೆ ಒಬ್ಬರನ್ನೊಬ್ಬರು ಬೈದುಕೊಂಡು ತಿರುಗಿದವರೆಲ್ಲ ಹೊಂಗೆ ಮರದ ನೆರಳಿನಲ್ಲಿ ಒಟ್ಟಿಗೆ ಬಾಯಿ ತೆರೆದುಕೊಂಡು ಮಲಗಿದರು. ಕೊನೆಗೆ ಮುಖಂಡರೂ ಕಾರಿನ ಹಿಂದಿನ ಸೀಟಿಗೆ ಹೋದರು. ಅನ್ವರ್ ಕಿವಿಯಿಂದ ಹತ್ತಿ ತೆಗೆದು ನೋಡಿ, "ಚಿಕ್ಕಣ್ಣ, ಕೇಳಿ, ಗುಬ್ಬಿ ಕೂಗ್ತಾ ಅವೆ" ಎಂದ. ನನಗೆ ನಂಬಲಾಗಲಿಲ್ಲ. ಆ ಬೀದಿಯಲ್ಲಿ ಗುಬ್ಬಿಗಳಿವೆಯೆಂದೇ ನನಗೆ ಗೊತ್ತಿರಲಿಲ್ಲ.

ಆಮೇಲೆ ಅನ್ವರನೂ ಸೀಟಿಗೆ ಒರಗಿ ಕಣ್ಣು ಮುಚ್ಚಿದ. ಎಚ್ಚರವಾಗಿ ಉಳಿದವರು ಹೆಂಗಸರು ಮತ್ತು ನಾನು. ಅಕ್ಕ ಬ್ಯಾರನ್ನಿನ ಹತ್ತಿರ ಇದ್ದಾಳೆಂದು ಅಜ್ಜಿ ಕೋಲಿನಿಂದ ತೋರಿಸಿದಳು. ಹೋದೆ. ದಾರಿಯಲ್ಲಿ ಅಕ್ಕನದೇ ಬ್ಯಾರನ್ ಸಿಕ್ಕಿತು. ಗೋಡೆ ಕಪ್ಪಾಗಿ, ತಲೆಯ ಮೇಲೆ ಆಕಾಶ ಹೊತ್ತುಕೊಂಡು ನಿಂತಿತ್ತು. ಅದರ ಮುಂದೆ ನಿಲ್ಲಲಾರದೆ ಬೇಗ ಬೇಗ ದಾಟಿದೆ.

ಅಕ್ಕ ಒಲೆಯ ಬಾಯಿಯ ಎದುರು ಮೊಣಕಾಲು ಕಟ್ಟಿಕೊಂಡು ಕುಳಿತಿದ್ದಳು. ಕಣ್ಣು ಕೆಂಡ. ಹಗಲು ಬ್ಯಾರನ್ ಕಾದು, ಸಂಜೆ ಅಡುಗೆ ಮಾಡಿ, ರಾತ್ರಿ ಗಂಡನಿಗೆ ಕಾಫಿ ಕಾಯಿಸಿಕೊಟ್ಟು, ಇವಳು ಮಲಗುವುದು ಯಾವಾಗ? ಬೀದಿಗೆ ಬಂದ ಮಂಚಗಳಲ್ಲೂ ಇವಳದೊಂದು ಇರಲಿಲ್ಲ.

"ಓ, ಬಂದ್ಯಾ?" ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅಕ್ಕ, ನೀನು ಮನಿಕೋ. ನಾನು ಕಾಯ್ತೀನಿ."

"ನೀನಾ? ಬಾಯಿ ಮುಚ್ಕಂಡು ಒಂದು ಕಡೆ ಕೂರ್ಬೇಕು ಕಣ್ಲಾ ಇದಕ್ಕೆ. ಆದದಾ?"

"ಆದದೆ" ಎಂದೆ. ಒಂದೇ ಸಲ ಎಂದೆ.

ಅವಳು ನನ್ನನ್ನು ಅನುಮಾನದಿಂದ ನೋಡಿ, ಗೋಡೆಯ ಅಂಗೈಯಗಲದ ಗಾಜಿನ ಕಿಟಕಿಯ ಬಳಿಗೆ ಕರೆದಳು. ಒಳಗೆ ಕತ್ತಲಲ್ಲಿ ಹಳದಿಗೆ ತಿರುಗುತ್ತಿರುವ ಎಲೆಗಳ ನಡುವೆ ಕಾವು ನೋಡುವ ಥರ್ಮಾಮೀಟರ್ ತೂಗುತ್ತಿತ್ತು. "ಆ ಗೆರೆ ಅಲ್ಲೇ ಇರ್ಬೇಕು. ಏರುದ್ರೆ ಕೊಳ್ಳಿ ಈಚೆಗೆ ಎಳಿ. ಇಳುದ್ರೆ ಒಂದು ಸೌದೆ ನೂಕು. ಒಂದೇ ನೂಕು, ನಿನ್ ಮಾತಂಗೆ ಮೂರು ನೂಕ್ಬುಟ್ಟೀಯ." ಇಷ್ಟು ಹೇಳಿ, ಅಲ್ಲೇ ಗೋಣಿಚೀಲದ ಮೇಲೆ ತಲೆಯಿಟ್ಟಳು. ಸೆರಗು ಮುಖಕ್ಕೆಳೆದುಕೊಳ್ಳುವುದರೊಳಗೆ ನಿದ್ದೆ ಅವಳನ್ನು ಹೊತ್ತುಕೊಂಡು ಹೋಗಿತ್ತು.

ನನ್ನ ಜೀವಮಾನದಲ್ಲಿ ಅಂಥ ರೋಮಾಂಚನದ ಮಧ್ಯಾಹ್ನ ಇನ್ನೊಂದಿಲ್ಲ. ನಗಬೇಡಿ. ಸಾವಿರಾರು ಜನರ ಸಭೆಗೆ ಮೈಕ್ ಕಟ್ಟಿದಾಗಲೂ ನನ್ನ ಎದೆ ಹಾಗೆ ಹೊಡೆದುಕೊಂಡಿರಲಿಲ್ಲ. ಗೆರೆ ಕೂದಲೆಳೆಯಷ್ಟು ಏರಿದರೆ ನಾನು ಹಾರಿ ಕೊಳ್ಳಿಗೆ ಕೈಹಾಕುವುದು, ಇಳಿದರೆ ಸೌದೆ ಹುಡುಕುವುದು. ಒಮ್ಮೆ ಒಳಗೆ ಎಲೆಯೊಂದು ಸಪ್ಪಳ ಮಾಡಿತು. ಕೊಳವೆಯ ಮೇಲ್ಗಡೆ ಒಂದು ಕಡ್ಡಿಯ ತುದಿಯಿಂದ ಅದು ಅರ್ಧ ಕಳಚಿ ನೇತಾಡುತ್ತಿತ್ತು. ಬಿದ್ದರೆ? "ಬೀಳಬೇಡ, ಬೀಳಬೇಡ, ಬೀಳಬೇಡ" ಎಂದು ಅದಕ್ಕೆ ಬೇಡಿಕೊಂಡೆ, ತುಟಿ ಅಲುಗದ ಹಾಗೆ. ಯಾವ ಅಭ್ಯರ್ಥಿಗೂ ನಾನು ಅಷ್ಟು ಮನಸ್ಸಿಟ್ಟು ಕೇಳಿದವನಲ್ಲ. ಕೊಳ್ಳಿ ಎಳೆದು ಕಾವು ಇಳಿಸಿದೆ. ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು. ಎಲೆ ಬೀಳಲಿಲ್ಲ. ಆ ಎಲೆಯನ್ನು ಕಂಡರೆ ಈಗಲೂ ಗುರುತು ಹಿಡಿದೇನು.

ಬಿಸಿಲು ವಾಲಿದ ಮೇಲೆ ಬೀದಿಯಲ್ಲಿ ಮಂಚ ಸರಿಸುವ ಸದ್ದು ಕೇಳಿತು. ಅಭ್ಯರ್ಥಿ ಎದ್ದು, ಮುಖ ತೊಳೆದು, ಹೋಗಿಬಿಟ್ಟರಂತೆ. ಓಟು ಕೇಳುವುದನ್ನೂ ಹಾರವನ್ನೂ ಮರೆತು. ಅವರು ಗೆದ್ದರೋ ಸೋತರೋ ನಾನು ಹೇಳುವುದಿಲ್ಲ, ಹೇಳಿದರೆ ಯಾರೆಂದು ನೀವು ಹಿಡಿದುಬಿಡುತ್ತೀರಿ. ಹಾರವನ್ನು ಅಜ್ಜಿಯ ಎಮ್ಮೆ ತಿಂದಿತು.

ಭಾವ ಕಣ್ಣುಜ್ಜುತ್ತ ಬಂದರು. ಗಾಜಿನೊಳಗೆ ಬಗ್ಗಿ ನೋಡಿದರು. ಒಲೆ ನೋಡಿದರು, ನನ್ನನ್ನು ನೋಡಿದರು. "ಪರ್ವಾಗಿಲ್ಲ ಕಣಯ್ಯ, ಸೊಪ್ಪು ಬಂಗಾರದಂಗೆ ತಿರುಗ್ತಾ ಅದೆ. ಈಗ ಬುಡು, ನಾನಿದ್ದೀನಿ" ಎಂದು ಸೌದೆ ಜೋಡಿಸತೊಡಗಿದರು. ಹುಬ್ಬಿಲ್ಲದ ಆ ಮುಖದಲ್ಲಿ ಸಿಟ್ಟಿತ್ತೋ ಇಲ್ಲವೋ ತಿಳಿಯಲಿಲ್ಲ.

ಅಕ್ಕ ಎದ್ದು ಕೂತು ಜಡೆ ಕಟ್ಟಿಕೊಳ್ಳುತ್ತಿದ್ದಳು. ಕೆನ್ನೆಯ ಮೇಲೆ ಗೋಣಿಚೀಲದ ಅಚ್ಚು. ನಾನು ಹೋಗಿ ಅವಳ ಎದುರು ಕುಕ್ಕರಗಾಲಲ್ಲಿ ಕುಳಿತೆ. ಸುತ್ತ ಮೈಕಿಲ್ಲ, ಜೀಪಿಲ್ಲ. ಮಧ್ಯಾಹ್ನವೆಲ್ಲ ಮುಚ್ಚಿದ್ದ ಬಾಯಿ ಒಣಗಿತ್ತು. ಲೌಡ್‌ಸ್ಪೀಕರಿಲ್ಲದೆ ನನ್ನ ದನಿ ಇಷ್ಟು ಚಿಕ್ಕದೆಂದು ನನಗೇ ಗೊತ್ತಿರಲಿಲ್ಲ.

"ತಪ್ಪಾಯ್ತು ಅಕ್ಕ" ಎಂದೆ.

ಒಂದೇ ಸಲ ಎಂದೆ.

ಅಕ್ಕ ಜಡೆ ಬಿಟ್ಟಳು. ಆಮೇಲೆ ಹಿತ್ತಿಲಿನ ಒರಳುಕಲ್ಲಿನ ಮೇಲೆ ಕೂರುತ್ತಿದ್ದಳಲ್ಲ, ಅದೇ ಠೀವಿಯಲ್ಲಿ ಬೆನ್ನು ನೆಟ್ಟಗೆ ಮಾಡಿ, ಕಿವಿಗೆ ಕೈ ಹಿಡಿದಳು.

"ಕೇಳುಸ್ನಿಲ್ಲ" ಎಂದಳು. "ಇನ್ನೊಂದ್ಸಲ ಯೋಳ್ಲಾ."